ಮೂರನೇ ಸಿಲಿಂಡರಿನ ಮೇಲೆ ಬಂದ ಅಪವಾದ

ಬೆಂಗಳೂರಿನ ತುಮಕೂರು ರಸ್ತೆಯ ಮೇಲ್ಸೇತುವೆ ಹತ್ತುವಾಗ ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದೆ. 2,800 ಆರ್‌ಪಿಎಂ ದಾಟುತ್ತಿದ್ದ ಹಾಗೆ ಯಾರೋ ಹಿಂದಿನಿಂದ ಗಾಡಿಯನ್ನು ಜಗ್ಗಿ ಬಿಟ್ಟಂತಾಯಿತು. ಮತ್ತೊಮ್ಮೆ ಜಗ್ಗಿತು. ಎಂಜಿನ್ನಿನ ಹಳದಿ ದೀಪ ಮಿನುಗತೊಡಗಿತು. ಕಾಲು ತೆಗೆದರೆ ಎಲ್ಲ ಮಾಮೂಲು. ಈ ದೀಪ ಸುಮ್ಮನೆ ಉರಿಯುವುದೇ ಬೇರೆ, ಮಿನುಗುವುದೇ ಬೇರೆ. ಮಿನುಗಿತೆಂದರೆ ಸಿಲಿಂಡರಿನಲ್ಲಿ ಉರಿಯದ ಪೆಟ್ರೋಲು ಸೈಲೆನ್ಸರಿನ ದಾರಿಯ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿಯುತ್ತಿದೆ, ಹೀಗೇ ಓಡಿಸಿದರೆ ಅದೂ ಸುಟ್ಟುಹೋಗುತ್ತದೆ ಎಂದರ್ಥ. ಗ್ಯಾರೇಜಿನವರ ಮಾತಿನಲ್ಲಿ ಹೇಳುವುದಾದರೆ ಗಾಡಿ ಮಿಸ್ ಹೊಡೆಯುತ್ತಿತ್ತು.

ನನ್ನದು 1.2 ಲೀಟರಿನ ನಾಲ್ಕು ಸಿಲಿಂಡರ್ ಟರ್ಬೊ ಪೆಟ್ರೋಲ್ ಗಾಡಿ. ಅದಕ್ಕೆ ಎರಡು ತಿಂಗಳ ಹಿಂದೆ ಸ್ಟೇಜ್ 1 ರೀಮ್ಯಾಪ್, ಅಂದರೆ ಎಂಜಿನ್ ಕಂಪ್ಯೂಟರಿನ ಪ್ರೋಗ್ರಾಮ್ ಬದಲಾವಣೆ, ಮಾಡಿಸಿದ್ದೆ. ಗ್ಯಾರೇಜಿನಲ್ಲಿ ಸ್ಕ್ಯಾನರ್ ಚುಚ್ಚಿದರು. ಪಿ0303 ಎಂದು ಬಂತು, ಅಂದರೆ ಮೂರನೇ ಸಿಲಿಂಡರಿನಲ್ಲಿ ಮಿಸ್‌ಫೈರ್. ಮೂರನೇ ಇಗ್ನಿಷನ್ ಕಾಯಿಲ್ ಬದಲಾಯಿತು. ಜರ್ಕ್ ಹೋಗಲಿಲ್ಲ. ನಾಲ್ಕೂ ಸ್ಪಾರ್ಕ್ ಪ್ಲಗ್ ಬದಲಾದವು. ಎರಡು ದಿನ ಸರಿಹೋಗಿ ಮತ್ತೆ ಶುರುವಾಯಿತು. ಈ ಸಲ ಸ್ಕ್ಯಾನರ್ ‘ಮಿಶ್ರಣ ಲೀನ್’ ಎಂಬ ಪಿ0171 ಕೋಡನ್ನೂ ತೋರಿಸಿತು. ‘ಹಾಗಾದ್ರೆ ಇಂಜೆಕ್ಟರೇ ಸಾರ್’ ಎಂದರು. ಇನ್‌ಟೇಕ್ ಮ್ಯಾನಿಫೋಲ್ಡ್ ಬಿಚ್ಚಿ ಇಂಜೆಕ್ಟರ್ ಹಾಕಿದರು. ಮೊದಲ ಎರಡು ಬಿಲ್ಲು ಸೇರಿದರೂ ಈ ಒಂದು ಬಿಲ್ಲಿಗೆ ಸಮವಾಗಲಿಲ್ಲ. ಜರ್ಕ್ ಮಾತ್ರ ಹಾಗೆಯೇ ಇತ್ತು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಆ ಗ್ಯಾರೇಜಿನ ಹುಡುಗರು ಪ್ರಾಮಾಣಿಕರು, ಕೈಕೆಲಸವೂ ಅಚ್ಚುಕಟ್ಟು. ಅವರ ಮೇಲೆ ನನಗೆ ಸಿಟ್ಟಿಲ್ಲ. ನನ್ನ ತಕರಾರು ಈ ಪದ್ಧತಿಯ ಮೇಲೆ. ಸ್ಕ್ಯಾನರ್ ಯಾವ ಸಿಲಿಂಡರಿನ ಹೆಸರು ಹೇಳುತ್ತದೋ ಅದರ ತಲೆಯ ಮೇಲಿನ ಸಾಮಾನು ಬದಲಿಸುವುದು, ಹೋಗದಿದ್ದರೆ ಅದರ ಪಕ್ಕದ್ದು ಬದಲಿಸುವುದು. ಮಾಡಿಫೈ ಮಾಡಿದ ಗಾಡಿಗಳ ವಿಷಯದಲ್ಲಿ ಇದೇ ‘ಡಯಾಗ್ನೋಸಿಸ್’ ಎಂಬ ಹೆಸರಿನಲ್ಲಿ ನಡೆಯುತ್ತಿದೆ. ಇದು ರೋಗ ಪತ್ತೆ ಅಲ್ಲ ಎಂದು ನಾನು ಖಂಡಿತವಾಗಿ ಹೇಳುತ್ತೇನೆ.

ಸ್ಕ್ಯಾನರಿಗೆ ನಿಜವಾಗಿ ಗೊತ್ತಿರುವುದು ಏನು? ಎಂಜಿನ್ನಿನ ಕಂಪ್ಯೂಟರಿಗೆ ಸಿಲಿಂಡರಿನ ಒಳಗೆ ಕಣ್ಣಿಲ್ಲ. ಕ್ರ್ಯಾಂಕ್‌ಶಾಫ್ಟಿಗೆ ಜೋಡಿಸಿದ ಹಲ್ಲಿನ ಚಕ್ರ ಎಷ್ಟು ವೇಗವಾಗಿ ತಿರುಗುತ್ತಿದೆ ಎಂದು ಸೆನ್ಸರ್ ಅಳೆಯುತ್ತದೆ. ನಾಲ್ಕು ಸಿಲಿಂಡರಿನ ಎಂಜಿನ್ 3,000 ಆರ್‌ಪಿಎಂನಲ್ಲಿ ಸೆಕೆಂಡಿಗೆ 100 ಸಲ ಉರಿಯುತ್ತದೆ. ಪ್ರತಿ ಉರಿಗೂ ಕ್ರ್ಯಾಂಕಿಗೆ ಒಂದು ತಳ್ಳು ಸಿಗುತ್ತದೆ. ಒಂದು ತಳ್ಳು ತಪ್ಪಿದರೆ ಚಕ್ರ ಆ ಕ್ಷಣ ತುಸು ನಿಧಾನವಾಗುತ್ತದೆ. ಅದು ಯಾರ ಸರದಿ ಎಂದು ಲೆಕ್ಕ ಹಾಕಿ ಕಂಪ್ಯೂಟರ್ ಸಿಲಿಂಡರಿನ ನಂಬರ್ ಹೇಳುತ್ತದೆ. ಉರಿ ಎಲ್ಲಿ ತಪ್ಪಿತು ಎಂಬುದು ಇದರಿಂದ ತಿಳಿಯುತ್ತದೆ. ಕಿಡಿ ಬರಲಿಲ್ಲವೋ, ಪೆಟ್ರೋಲು ಬರಲಿಲ್ಲವೋ, ವಾಲ್ವ್ ಮುಚ್ಚಲಿಲ್ಲವೋ ಎಂಬುದು ತಿಳಿಯುವುದಿಲ್ಲ. ಹಗುರವಾದ ಫ್ಲೈವೀಲ್ ಹಾಕಿಸಿದ ಗಾಡಿಗಳಲ್ಲಿ ಕ್ರ್ಯಾಂಕಿನ ವೇಗದ ಏರಿಳಿತವೇ ಹೆಚ್ಚು. ಅಲ್ಲಿ ಮಿಸ್ ಹೊಡೆಯದೆಯೇ ಮಿಸ್ ಕೋಡ್ ಬರುವುದುಂಟು.

ಇನ್ನು ನನ್ನ ಇಂಜೆಕ್ಟರನ್ನು ಬಲಿ ತೆಗೆದುಕೊಂಡ ಆ ‘ಲೀನ್’ ಕೋಡು. ಸೈಲೆನ್ಸರಿನ ದಾರಿಯಲ್ಲಿರುವ ಸೆನ್ಸರ್ ಪೆಟ್ರೋಲನ್ನು ಅಳೆಯುವುದಿಲ್ಲ, ಆಮ್ಲಜನಕವನ್ನು ಅಳೆಯುತ್ತದೆ. ಸಿಲಿಂಡರ್ ಉರಿಯದೆ ಹೋದಾಗ ಅದರೊಳಗಿನ ಪೆಟ್ರೋಲೂ ಹೊರಗೆ ಬರುತ್ತದೆ, ಬಳಕೆಯಾಗದ ಆಮ್ಲಜನಕವೂ ಹೊರಗೆ ಬರುತ್ತದೆ. ಸೆನ್ಸರಿಗೆ ಕಾಣುವುದು ಆಮ್ಲಜನಕ ಮಾತ್ರ. ‘ಗಾಳಿ ಜಾಸ್ತಿ, ಪೆಟ್ರೋಲು ಕಮ್ಮಿ’ ಎಂದು ಅದು ವರದಿ ಮಾಡುತ್ತದೆ. ಕಂಪ್ಯೂಟರ್ ಆ ಮಾತು ನಂಬಿ ಇನ್ನಷ್ಟು ಪೆಟ್ರೋಲು ಸುರಿಯುತ್ತದೆ. ಹೀಗೆ ಎಷ್ಟು ಹೆಚ್ಚು ಕಮ್ಮಿ ಮಾಡುತ್ತಿದೆ ಎಂಬ ಅಂಕಿಯೇ ಫ್ಯುಯೆಲ್ ಟ್ರಿಮ್. ಅಂದರೆ ನನ್ನ ಗಾಡಿಯಲ್ಲಿ ಲೀನ್ ಆದದ್ದರಿಂದ ಮಿಸ್ ಆಗಿರಲಿಲ್ಲ, ಮಿಸ್ ಆದದ್ದರಿಂದ ಲೀನ್ ಎಂದು ಕಾಣಿಸಿತ್ತು. ಪರಿಣಾಮವನ್ನು ಕಾರಣ ಎಂದು ಓದಿದ್ದಕ್ಕೆ ಒಂದು ಒಳ್ಳೆಯ ಇಂಜೆಕ್ಟರ್ ಹೊರಗೆ ಹೋಯಿತು. 20 ಪರ್ಸೆಂಟ್ ಎಥನಾಲ್ ಬೆರೆತ ಪೆಟ್ರೋಲ್ ಬಂದ ಮೇಲಂತೂ ಫ್ಯುಯೆಲ್ ಟ್ರಿಮ್ ಅಂಕಿಯನ್ನು ಇನ್ನೂ ಎಚ್ಚರದಿಂದ ಓದಬೇಕು. ಎಥನಾಲ್ ಉರಿಯಲು ಪೆಟ್ರೋಲಿಗಿಂತ ಕಡಿಮೆ ಗಾಳಿ ಸಾಕು, ಹಾಗಾಗಿ ಅಷ್ಟೇ ಗಾಳಿಗೆ ಇಂಧನ ಹೆಚ್ಚು ಬೇಕು. ಏನೂ ಕೆಡದ ಎಂಜಿನ್ನಿನಲ್ಲೂ ಅದು ಪ್ಲಸ್ ಕಡೆಗೆ ವಾಲುತ್ತದೆ.

ನಾಲ್ಕನೇ ಸಲ ಬೇರೆ ಗ್ಯಾರೇಜಿಗೆ ಹೋದೆ. ಅಲ್ಲಿನ ಹಿರಿಯ ಮೇಸ್ತ್ರಿ ಸ್ಕ್ಯಾನರ್ ತೆಗೆಯಲೇ ಇಲ್ಲ.

‘ಸಾರ್, ಗಾಡಿಗೆ ಏನೇನ್ ಮಾಡ್ಸಿದೀರ, ಅದನ್ನ ಮೊದ್ಲು ಹೇಳಿ. ಆಮೇಲೆ ಯಾವಾಗ್ ಮಿಸ್ ಹೊಡಿಯತ್ತೆ ಅನ್ನೋದನ್ನ ಹೇಳಿ.’

ಈ ಎರಡು ಪ್ರಶ್ನೆಗಳನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ‘ಯಾವಾಗ’ ಎಂಬುದರಲ್ಲೇ ಅರ್ಧ ಉತ್ತರವಿದೆ. ಬೆಳಗ್ಗೆ ತಣ್ಣಗಿದ್ದಾಗ ಮಿಸ್ ಹೊಡೆದು ಬಿಸಿಯಾದ ಮೇಲೆ ಸರಿಹೋದರೆ ಡೈರೆಕ್ಟ್ ಇಂಜೆಕ್ಷನ್ ಗಾಡಿಗಳಲ್ಲಿ ಇನ್‌ಟೇಕ್ ವಾಲ್ವಿನ ಮೇಲಿನ ಮಸಿ ನೋಡಬೇಕು. ಅಲ್ಲಿ ಪೆಟ್ರೋಲು ವಾಲ್ವನ್ನು ತೊಳೆಯುವುದೇ ಇಲ್ಲ. ನಿಂತಲ್ಲೇ ನಡುಗಿದರೆ ಗಾಳಿ ಸೋರಿಕೆ ಹುಡುಕಬೇಕು. ಹೆಚ್ಚಿನ ಆರ್‌ಪಿಎಂನಲ್ಲಿ ಮಾತ್ರವಾದರೆ ಪೆಟ್ರೋಲಿನ ಪ್ರೆಶರ್ ಬೀಳುತ್ತಿದೆಯೇ ಎಂದು ನೋಡಬೇಕು. ನನ್ನದು ನಡು ಆರ್‌ಪಿಎಂನಲ್ಲಿ, ಟರ್ಬೊ ತಳ್ಳುವ ಗಾಳಿಯ ಒತ್ತಡ, ಅಂದರೆ ಬೂಸ್ಟ್, ಪೂರ್ತಿ ಏರಿದ ಹೊತ್ತಿಗೆ. ಸಿಲಿಂಡರಿನ ಒಳಗೆ ಒತ್ತಡ ಅತಿ ಹೆಚ್ಚಿರುವ ಹೊತ್ತು ಅದೇ.

ಒತ್ತಡಕ್ಕೂ ಕಿಡಿಗೂ ಇರುವ ಸಂಬಂಧವನ್ನು ಜರ್ಮನ್ ಭೌತವಿಜ್ಞಾನಿ ಫ್ರೀಡ್ರಿಶ್ ಪಾಶೆನ್ 1889ರಲ್ಲೇ ತೋರಿಸಿಕೊಟ್ಟಿದ್ದಾನೆ. ಕಿಡಿ ಹಾರಲು ಬೇಕಾದ ವೋಲ್ಟೇಜು ಅನಿಲದ ಒತ್ತಡ ಮತ್ತು ಎರಡು ತುದಿಗಳ ನಡುವಿನ ಅಂತರ, ಇವೆರಡರ ಗುಣಲಬ್ಧವನ್ನು ಅವಲಂಬಿಸಿದೆ. ರೀಮ್ಯಾಪ್ ಬೂಸ್ಟ್ ಹೆಚ್ಚಿಸಿತು, ಒತ್ತಡ ಏರಿತು. ಪ್ಲಗ್ಗಿನ ಗ್ಯಾಪ್ ಹಳೆಯದೇ ಉಳಿದರೆ ಕಾಯಿಲ್ ಹೆಚ್ಚು ವೋಲ್ಟೇಜು ಕೊಡಬೇಕು. ಅದಕ್ಕೂ ಒಂದು ಮಿತಿ ಇದೆ. ಊರಿನ ಎತ್ತರವೂ ಈ ಒತ್ತಡವನ್ನು ಬದಲಿಸುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಗಾಳಿಯ ಒತ್ತಡ ಸುಮಾರು 10 ಪರ್ಸೆಂಟ್ ಕಮ್ಮಿ. ಬೂಸ್ಟ್ ಕಂಟ್ರೋಲರನ್ನು ಕೈಯಿಂದ ತಿರುಗಿಸಿ ಕೂರಿಸಿದ ಗಾಡಿ ಇಲ್ಲಿ ಚೆನ್ನಾಗಿ ಓಡಿ, ಶಿರಾಡಿ ಘಾಟಿ ಇಳಿದು ಮಂಗಳೂರು ಸೇರಿದ ಮೇಲೆ ಮಿಸ್ ಹೊಡೆಯಬಹುದು. ಅಲ್ಲಿ ಗಾಳಿ ದಟ್ಟ.

ಮೇಸ್ತ್ರಿ ಪ್ಲಗ್ಗುಗಳನ್ನು ಬಿಚ್ಚಿ ಹಳೆಯ ಪೇಪರಿನ ಮೇಲೆ ಸಾಲಾಗಿ ಇಟ್ಟರು. ಫೀಲರ್ ಗೇಜಿನ ತಗಡನ್ನು ಒಂದೊಂದಕ್ಕೂ ತೂರಿಸಿದರು. ಮೂರು ಪ್ಲಗ್ಗಿನ ಗ್ಯಾಪ್ 0.8 ಮಿಲಿಮೀಟರ್. ಮೂರನೇ ಸಿಲಿಂಡರಿನದ್ದು 0.95. ಡಬ್ಬಿಯಿಂದ ತೆಗೆದದ್ದನ್ನು ಹಾಗೆಯೇ ಹಾಕಿದ್ದರು, ಯಾರೂ ಅಳೆದಿರಲಿಲ್ಲ. ಆಮೇಲೆ ಆ ಮೂರನೇ ಪ್ಲಗ್ಗನ್ನು ಬೆಳಕಿಗೆ ಹಿಡಿದು ತಿರುಗಿಸಿದರು. ಬಿಳಿ ಪಿಂಗಾಣಿಯ ಮೇಲೆ ಪೆನ್ಸಿಲಿನಿಂದ ಎಳೆದ ಹಾಗೆ ಸಣ್ಣ ಕಪ್ಪು ಗೆರೆ, ಮೇಲಿನಿಂದ ಕೆಳಗಿನವರೆಗೆ. ಕಾಯಿಲ್ಲಿನ ರಬ್ಬರ್ ಬೂಟಿನ ಒಳಗೂ ಅದೇ ಜಾಗದಲ್ಲಿ ಅಂಥದೇ ಗೆರೆ. ಗ್ಯಾಪ್ ದಾಟಲಾರದ ಕರೆಂಟು ಪಿಂಗಾಣಿಯ ಹೊರಮೈ ಮೇಲೆ ಹರಿದು ಲೋಹ ಸೇರಿತ್ತು. ಒಮ್ಮೆ ದಾರಿ ಬಿದ್ದ ಮೇಲೆ ಪ್ರತಿ ಸಲವೂ ಅದೇ ದಾರಿ. ಹೊಸ ಪ್ಲಗ್ ಹಾಕಿದ ಮೇಲೆ ಎರಡು ದಿನ ಸರಿಯಿದ್ದದ್ದು ಏಕೆಂದು ಆಗ ನನಗೆ ತಿಳಿಯಿತು. ಆ ಗೆರೆ ಮೂಡಲು ಅಷ್ಟು ಹೊತ್ತು ಹಿಡಿದಿತ್ತು.

ಹೊಸ ಪ್ಲಗ್ಗುಗಳನ್ನು ತರಿಸಿ, ನಡುವಿನ ಇರಿಡಿಯಂ ತುದಿಗೆ ತಗಡು ತಾಗದ ಹಾಗೆ ಹೊರಗಿನ ಕೊಕ್ಕೆಯನ್ನಷ್ಟೇ ಬಾಗಿಸಿ 0.65ಕ್ಕೆ ತಂದರು. ಮೂರನೇ ಕಾಯಿಲ್ಲಿನ ಬೂಟ್ ಬದಲಿಸಿದರು. ಅವತ್ತೇ ಸಂಜೆ ಅದೇ ಮೇಲ್ಸೇತುವೆಯಲ್ಲಿ ಗಾಡಿ ಗಟ್ಟಿಯಾಗಿ ಎಳೆಯಿತು.

ಮೊದಲ ಗ್ಯಾರೇಜಿನಲ್ಲಿ ಆಗಬೇಕಿದ್ದದ್ದು ಏನು ಎಂದು ಈಗ ಸ್ಪಷ್ಟವಾಗಿ ಹೇಳಬಲ್ಲೆ. ಮೂರನೇ ಕಾಯಿಲ್ಲನ್ನು ಒಂದನೇ ಸಿಲಿಂಡರಿಗೆ ಹಾಕಿ ಓಡಿಸಿದ್ದರೆ ಸಾಕಿತ್ತು. ಕೋಡ್ ಪಿ0301 ಆಗಿ ಬದಲಾದರೆ ಕಾಯಿಲ್ ತಪ್ಪಿತಸ್ಥ, ಇಲ್ಲದಿದ್ದರೆ ಕಾಯಿಲ್ ನಿರಪರಾಧಿ. ಕಾಲು ಗಂಟೆಯ ಕೆಲಸ, ಒಂದು ರೂಪಾಯಿ ಖರ್ಚಿಲ್ಲ. ಯಾವ ಪರೀಕ್ಷೆಗೆ ಯಾವ ಉತ್ತರ ಬಂದರೆ ಏನು ತಿಳಿಯುತ್ತದೆ ಎಂದು ಮೊದಲೇ ಹೇಳಬಲ್ಲವನು ರೋಗ ಪತ್ತೆ ಮಾಡುತ್ತಿದ್ದಾನೆ. ನಾಲ್ಕೂ ಪ್ಲಗ್ ಒಟ್ಟಿಗೆ ಬದಲಿಸಿ, ಹಳೆಯವನ್ನು ಕಸಕ್ಕೆ ಎಸೆದಾಗ ಸಾಕ್ಷಿಯೇ ಹೋಯಿತು. ರೀಮ್ಯಾಪ್ ಆದಾಗ ಇದ್ದ ಆ ಹಳೆಯ ಮೂರನೇ ಪ್ಲಗ್ ಹೇಗಿತ್ತು ಎಂದು ಇವತ್ತಿಗೂ ನನಗೆ ಗೊತ್ತಿಲ್ಲ.

ಇದಕ್ಕಿಂತ ದೊಡ್ಡ ತಪ್ಪು ಟ್ಯೂನಿಂಗ್ ಮಾಡುವವರದು. ಬೂಸ್ಟ್ ಎಷ್ಟು ಏರಿಸಿದರು, ಗ್ಯಾಪ್ ಎಷ್ಟಿರಬೇಕು, ಪ್ಲಗ್ ಒಂದು ಹಂತ ತಣ್ಣನೆಯದು, ಅಂದರೆ ಬಿಸಿಯನ್ನು ಬೇಗ ಬಿಟ್ಟುಕೊಡುವಂಥದ್ದು, ಬೇಕೇ ಎಂಬುದನ್ನು ಬರೆದು ಕೊಡುವ ರೂಢಿಯೇ ಇಲ್ಲ. ತಣ್ಣನೆಯ ಪ್ಲಗ್ ಎಂದು ಬಾಯಲ್ಲಿ ಹೇಳಿದರೂ ಗೊಂದಲವೇ. ಎನ್‌ಜಿಕೆ ಪ್ಲಗ್ಗಿನಲ್ಲಿ ನಂಬರ್ ಹೆಚ್ಚಿದಷ್ಟೂ ತಣ್ಣಗೆ, ಬಾಷ್ ಪ್ಲಗ್ಗಿನಲ್ಲಿ ಹೆಚ್ಚಿದಷ್ಟೂ ಬಿಸಿ. ಕೆಲವರು ಮ್ಯಾಪಿನಲ್ಲಿ ಮಿಸ್‌ಫೈರ್ ಪತ್ತೆಯನ್ನೇ ಆಫ್ ಮಾಡಿ ಕೊಡುತ್ತಾರೆ. ದೀಪ ಬರುವುದಿಲ್ಲ, ಗಿರಾಕಿ ಖುಷಿಯಾಗಿರುತ್ತಾನೆ, ಒಳಗೆ ಕ್ಯಾಟಲಿಟಿಕ್ ಕನ್ವರ್ಟರ್ ಸುಡುತ್ತಿರುತ್ತದೆ. ಇದನ್ನು ಯಾವ ಕಾರಣಕ್ಕೂ ಒಪ್ಪಲಾಗದು.

ಆ ಮೇಸ್ತ್ರಿ ಕೊಟ್ಟ ಬಿಲ್ಲಿನ ಹಿಂಬದಿಯಲ್ಲಿ ಗ್ಯಾಪ್, ಪ್ಲಗ್ ನಂಬರ್, ಕಿಲೋಮೀಟರ್, ತಾರೀಕು ಬರೆದಿದೆ. ಅದನ್ನು ಗ್ಲೋವ್ ಬಾಕ್ಸಿನಲ್ಲಿ ಇಟ್ಟಿದ್ದೇನೆ. ಅದರ ಕೆಳಗೆ ಈಗ ನಾನೂ ಬರೆಯುತ್ತೇನೆ. ಕಳೆದ ವಾರದ ಲಾಗಿನಲ್ಲಿ ಮೂರನೇ ಸಿಲಿಂಡರಿನ ಮಿಸ್ ಎಣಿಕೆ 0. ಎರಡನೆಯದರಲ್ಲಿ 11, ಅದೂ ಬೆಳಗ್ಗೆ ಸ್ಟಾರ್ಟ್ ಮಾಡಿದ ಮೊದಲ ನಿಮಿಷದಲ್ಲಿ ಮಾತ್ರ. ವಾಲ್ವಿನ ಮೇಲಿನ ಮಸಿ ನೋಡಿಸಬೇಕು.