ಯಾವ ದಿನ ಕೊಟ್ಟರು, ಏನನ್ನು ಎಣಿಸಿದರು

ಆಲೂಗಡ್ಡೆಗೆ ಅಂಗಮಾರಿ ಬಿದ್ದರೆ ಧಾರವಾಡ ಸೀಮೆಯಲ್ಲಿ ಹೊಡೆಯುವ ಔಷಧಗಳಲ್ಲಿ ಮ್ಯಾಂಕೋಜೆಬ್ ಒಂದು. ಅದು ಹೊಟ್ಟೆಗೆ ಹೋದರೆ ಹೆಣ್ಣಿಲಿಯ ಅಂಡಾಶಯ ಏನಾಗುತ್ತದೆ ಎಂಬುದನ್ನು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗದ ಬಳಿಗಾರ ಮತ್ತು ಕಲಿವಾಳ ಪರೀಕ್ಷಿಸಿ 2001ರಲ್ಲಿ ಪ್ರಕಟಿಸಿದರು. ಇಂಥ ಕೆಲಸವನ್ನು ನಾವು ಇನ್ನಷ್ಟು ಗಮನವಿಟ್ಟು ಓದಬೇಕು.

ಅದರ ಬಲ ಇರುವುದು ನೋಟದಲ್ಲಿ. ಇಲಿಯ ಋತುಚಕ್ರ ನಾಲ್ಕೈದು ದಿನದ್ದು. ಯೋನಿಸ್ರಾವವನ್ನು ಗಾಜಿನ ಪಟ್ಟಿಗೆ ಹಚ್ಚಿ, ಜೀವಕೋಶಗಳ ಆಕಾರ ನೋಡಿ, ಆ ದಿನ ಯಾವ ಹಂತವೆಂದು ಗುರುತಿಸಬೇಕು. ಕೊನೆಗೆ ಅಂಡಾಶಯವನ್ನು ತೆಳ್ಳಗೆ ಸೀಳಿ, ಅಂಡಾಣುವನ್ನು ಹೊತ್ತ ಚೀಲಗಳಾದ ಫಾಲಿಕಲ್‌ಗಳಲ್ಲಿ ಆರೋಗ್ಯವಂತವು ಎಷ್ಟು, ಸೊರಗಿದವು ಎಷ್ಟು ಎಂದು ಎಣಿಸಬೇಕು. ಔಷಧ ಕೊಟ್ಟ ಇಲಿಗಳಲ್ಲಿ ಚಕ್ರಗಳು ಕಡಿಮೆಯಾದವು, ಚಕ್ರದ ವಿರಾಮದ ಹಂತವಾದ ಡೈಈಸ್ಟ್ರಸ್ ಹಿಗ್ಗಿತು, ಸೊರಗಿದ ಫಾಲಿಕಲ್‌ಗಳು ಹೆಚ್ಚಿದವು. ಹುಟ್ಟಿದ ಮರಿಗಳನ್ನಷ್ಟೇ ಲೆಕ್ಕ ಹಾಕುವ ಪರೀಕ್ಷೆಗೆ ಈ ಹಾನಿ ಕಾಣದೇ ಹೋಗಬಹುದು. ಗಂಡಿಲಿಯಂತೂ ವೀರ್ಯಾಣು ಬಹುಪಾಲು ಕುಸಿದರೂ ಮರಿ ಹುಟ್ಟಿಸಬಲ್ಲದು. ಮನುಷ್ಯನಿಗೆ ಅಷ್ಟು ದಾಸ್ತಾನು ಇಲ್ಲ.

ನನ್ನ ತಕರಾರು ಪ್ರಮಾಣ ಮತ್ತು ಕಾಲದ್ದು. ಕೊಟ್ಟದ್ದು ಬೆಳೆದ ಇಲಿಗೆ, ಕಿಲೋ ದೇಹತೂಕಕ್ಕೆ ದಿನಕ್ಕೆ ನೂರಾರು ಮಿಲಿಗ್ರಾಂ. ಇದು ಎಷ್ಟು ದೊಡ್ಡ ಕೊರತೆ ಎಂಬುದು ಪ್ಲಾಸ್ಟಿಕ್ ಮೆದುವಾಗಿಸುವ ಥ್ಯಾಲೇಟ್‌ಗಳ ಪರೀಕ್ಷೆಗಳನ್ನು ಪಕ್ಕಕ್ಕಿಟ್ಟಾಗ ಗೊತ್ತಾಗುತ್ತದೆ. ರಕ್ತದ ಚೀಲ, ಆಸ್ಪತ್ರೆಯ ನಳಿಕೆಗಳ ಪಿವಿಸಿಯಲ್ಲಿ ಬಳಸುವ ಡಿಇಎಚ್‌ಪಿ ಅಂಥದ್ದು. ಅದು ಪ್ಲಾಸ್ಟಿಕ್ಕಿಗೆ ಗಟ್ಟಿಯಾಗಿ ಬೆಸೆದಿರುವುದಿಲ್ಲ, ಮೆಲ್ಲಗೆ ಸೋರುತ್ತದೆ.

2000ದಲ್ಲಿ ಅಮೆರಿಕದ ಅರ್ಲ್ ಗ್ರೇ ತಂಡ ಡಿಇಎಚ್‌ಪಿ ಸೇರಿದಂತೆ ಇಂಥ ಆರು ರಾಸಾಯನಿಕಗಳನ್ನು ಬಸಿರಿಲಿಗಳಿಗೆ ಗರ್ಭದ 14ನೇ ದಿನದಿಂದ ಹೆರಿಗೆಯ ನಂತರ ಮೂರನೇ ದಿನದವರೆಗೆ ಕೊಟ್ಟಿತು. ತಾಯಿ ಬಹುಮಟ್ಟಿಗೆ ಚೆನ್ನಾಗಿಯೇ ಇದ್ದಳು. ಆದರೆ ಮೂರು ರಾಸಾಯನಿಕಗಳು ಗಂಡುಮರಿಗಳನ್ನು ಕೆಡಿಸಿದ್ದವು: ಎರಡರಿಂದ ಗುದಕ್ಕೂ ಜನನಾಂಗಕ್ಕೂ ನಡುವಿನ ಅಂತರ ಕುಗ್ಗಿತು, ಮೂರರಿಂದಲೂ ಗಂಡಿನಲ್ಲಿ ಅಳಿಯಬೇಕಾದ ಮೊಲೆತೊಟ್ಟು ಉಳಿಯಿತು. ಉಳಿದ ಮೂರರಿಂದ ಅಂಥದ್ದೇನೂ ಆಗಲಿಲ್ಲ. ಯಾವುದು ಹಾನಿಕರ, ಯಾವುದನ್ನು ಬದಲಿಗೆ ಬಳಸಬಹುದು ಎಂದು ಬೇರ್ಪಡಿಸಿ ತೋರಿಸಿದ ಈ ಪರೀಕ್ಷೆಯನ್ನು ನಾನು ಬಹಳ ಮೇಲಿಡುತ್ತೇನೆ. ಪ್ರಮಾಣ ಮಾತ್ರ ಅಲ್ಲಿಯೂ ಹೆಚ್ಚೇ, ಕಿಲೋಗೆ 750 ಮಿಲಿಗ್ರಾಂ. ಬೆರಕೆಯ ಪ್ರಶ್ನೆಯನ್ನು ಎತ್ತಿಕೊಂಡದ್ದು 2008ರ ಮುಂದಿನ ಕೆಲಸ. ಐದು ಥ್ಯಾಲೇಟ್‌ಗಳನ್ನು ಬೆರೆಸಿ ಕೊಟ್ಟಾಗ ಭ್ರೂಣದ ಟೆಸ್ಟೋಸ್ಟೆರಾನ್ ಮೇಲಿನ ಹೊಡೆತ ಒಂದಕ್ಕೊಂದು ಕೂಡುತ್ತದೆ ಎಂದು ಅದು ತೋರಿಸಿತು. 2019ರಲ್ಲಿ ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ ನಾಲ್ಕು ಥ್ಯಾಲೇಟ್‌ಗಳಿಗೆ ಒಟ್ಟಾಗಿ ಒಂದೇ ಮಿತಿ ಹಾಕಿತು: ಕಿಲೋ ದೇಹತೂಕಕ್ಕೆ ದಿನಕ್ಕೆ 0.05 ಮಿಲಿಗ್ರಾಂ.

ನಮ್ಮ ರೈತ ಎರಡು ಮೂರು ಬಗೆಯ ಎಣ್ಣೆಯನ್ನು ಒಂದೇ ಪಂಪಿಗೆ ಸುರಿದು ಹೊಡೆಯುವುದುಂಟು. ಕಳೆ ತೆಗೆಯಲು ಅದೇ ಹೊಲಕ್ಕೆ ಹೋಗುವ ಹೆಣ್ಣುಮಗಳು ಬಸುರಿಯೂ ಆಗಿರಬಹುದು. ಧಾರವಾಡದ ಆ ಫಾಲಿಕಲ್ ಎಣಿಕೆಯನ್ನು ಬಸಿರಿಲಿಯ ಹೆಣ್ಣುಮರಿಗಳ ಅಂಡಾಶಯದಲ್ಲಿ ಮತ್ತೆ ಮಾಡಬೇಕು, ಸಣ್ಣ ಪ್ರಮಾಣದಲ್ಲಿ, ಬೆರಕೆ ಔಷಧ ಕೊಟ್ಟು.