ಕವಡೆಯ ಬೆಲೆ

ದಕ್ಷಿಣ ದೆಹಲಿಯ ಹಳೆ ಸಾಮಾನಿನ ಅಂಗಡಿಯೊಂದಕ್ಕೆ ಪುಸ್ತಕದ ಕಪಾಟು ಹುಡುಕಿಕೊಂಡು ಹೋಗಿದ್ದೆ. ಮೂಲೆಯಲ್ಲಿ, ನಿಂತುಹೋದ ಗಡಿಯಾರಗಳ ನಡುವೆ, ಒಂದು ಚೌಡಿಕೆ ಬಿದ್ದಿತ್ತು. ಅಂಗಡಿಯವನು ಅದನ್ನು ರಾಜಸ್ಥಾನದ ಢೋಲಕ್ ಎಂದ. ಮೈತುಂಬ ಕವಡೆ, ಅದರ ನಡುವೆ ಕನ್ನಡಿ ಚೂರುಗಳು, ಕೆಳಗೆ ಜರಿ ಪಟ್ಟಿ. ಇಂಥ ಅಲಂಕಾರ ಬೇರೆಲ್ಲೂ ಸಿಗುವುದಿಲ್ಲ ಎಂದು ಹೇಳಿ ಆ ಅಲಂಕಾರಕ್ಕೇ ಬೆಲೆ ಕಟ್ಟಿದ. ತಂತಿ ಇರಲಿಲ್ಲ. ನುಡಿಯುತ್ತದೆಯೇ ಎಂದು ಕೇಳಿದೆ. ಗೋಡೆಗೆ ತೂಗುಹಾಕುವುದಕ್ಕೆ ನುಡಿಯುವುದು ಯಾಕೆ ಎಂದು ಅವನೇ ನನ್ನನ್ನು ಕೇಳಿದ.

ನನಗೆ ಆಗ ಉತ್ತರ ಹೊಳೆಯಲಿಲ್ಲ. ವಾದ್ಯವನ್ನು ಕೊಂಡು, ಮೆಟ್ರೊದಲ್ಲಿ ತೊಡೆಯ ಮೇಲಿಟ್ಟುಕೊಂಡು ದ್ವಾರಕಾಕ್ಕೆ ತಂದ ಮೇಲೆ ಯೋಚಿಸತೊಡಗಿದೆ.

ಚೌಡಿಕೆ ಎಲ್ಲಮ್ಮನ ಜೋಗತಿಯರ ವಾದ್ಯ. ಕೊರೆದು ಪೊಳ್ಳು ಮಾಡಿದ ಮರದ ಕೊಳಗದಂಥ ಒಡಲು, ತಳಕ್ಕೆ ಚರ್ಮ, ಚರ್ಮದ ನಡುವಿನಿಂದ ಹೊರಟು ಪಕ್ಕದ ಕೋಲಿನ ತುದಿಗೆ ಬಿಗಿದ ಒಂದೇ ತಂತಿ. ಕಂಕುಳಲ್ಲಿ ಅವುಚಿಕೊಂಡು ಸಣ್ಣ ಕಡ್ಡಿಯಿಂದ ಮೀಟುತ್ತಾರೆ. ಮೀಟುವುದು ತಂತಿಯನ್ನು, ಮಾತಾಡುವುದು ಚರ್ಮ. ಹಾಗಾಗಿ ಇದನ್ನು ತಂತಿವಾದ್ಯ ಎನ್ನಬೇಕೋ ಚರ್ಮವಾದ್ಯ ಎನ್ನಬೇಕೋ ಎಂದು ವಿದ್ವಾಂಸರೇ ಚರ್ಚಿಸಿದ್ದಾರೆ. ಪರಶುರಾಮ ತನ್ನ ವೈರಿಯನ್ನು ಕೊಂದು, ಅವನ ಮೈಯಿಂದಲೇ ತಾಯಿಗಾಗಿ ಇದನ್ನು ಮಾಡಿದನೆಂದು ಒಂದು ಕತೆ. ನಮ್ಮ ಡ್ರಾಯಿಂಗ್ ರೂಮಿನ ಗೋಡೆಗೆ ಒಪ್ಪುವ ಕತೆಯಲ್ಲ ಅದು.

ಇನ್ನು ಅಲಂಕಾರ. ನಮ್ಮ ಕೆಲಸದಲ್ಲಿ ಯಾವ ಸಾಲನ್ನು ಯಾರು ಬರೆದರು, ಯಾರು ಯಾವಾಗ ತಿದ್ದಿದರು ಎಂಬುದಕ್ಕೆ ದಾಖಲೆ ಇರುತ್ತದೆ. ಈ ವಾದ್ಯವನ್ನೂ ಹಾಗೆಯೇ ನೋಡುತ್ತ ಹೋದೆ. ಕನ್ನಡಿ ಚೂರುಗಳ ಕೆಳಗಿನ ಗೋಂದು ಹೊಸದು. ವ್ಯಾಪಾರಿಯ ಕೈಗೆ ಬಂದ ಮೇಲೆ ಅಂಟಿಸಿದ್ದಿರಬೇಕು. ಜರಿಯೂ ಅಷ್ಟೆ. ಕವಡೆಗಳು ಹಳೆಯವು. ಅವುಗಳ ಸೀಳಿನಲ್ಲಿ ಒರೆಸಿದರೂ ಹೋಗದ ಹಳದಿ ಇದೆ: ಭಂಡಾರ. ಒಂದು ಬದಿಯಲ್ಲಿ ಕವಡೆಗಳಿಲ್ಲ, ಮರವೂ ಸವೆದು ನುಣುಪಾಗಿದೆ. ಕಂಕುಳಿಗೆ ಒತ್ತುತ್ತಿದ್ದ ಬದಿ ಅದು. ಅಂಗಡಿಯವನು ಆ ಭಾಗವನ್ನು ‘ಡ್ಯಾಮೇಜ್’ ಎಂದು ತೋರಿಸಿ ಇನ್ನೂರು ರೂಪಾಯಿ ಕಡಿಮೆ ಮಾಡಿದ್ದ. ಒಬ್ಬ ಹೆಂಗಸು ವರ್ಷಗಟ್ಟಲೆ ಹಾಡಿದ್ದಕ್ಕೆ ಇದ್ದ ಒಂದೇ ಸಾಕ್ಷಿಯೂ ಅದೇ ಭಾಗ.

ಕವಡೆಕಾಸಿನ ಕಿಮ್ಮತ್ತಿಲ್ಲ ಎನ್ನುತ್ತೇವೆ. ಕವಡೆ ಒಂದು ಕಾಲದಲ್ಲಿ ನಿಜವಾದ ಹಣವಾಗಿತ್ತು. ಮಾಲ್ಡೀವ್ಸ್‌ನಿಂದ ಹಡಗುಗಳಲ್ಲಿ ಬಂದು ಬಂಗಾಳದಲ್ಲಿ, ಆಫ್ರಿಕಾದಲ್ಲಿ ನಾಣ್ಯವಾಗಿ ಓಡಾಡಿತು. ಅದರ ಬೆಲೆ ಬಿದ್ದುಹೋದ ಮೇಲೂ ಎಲ್ಲಮ್ಮನ ಒಕ್ಕಲಿನಲ್ಲಿ ಕವಡೆಸರ ಕೊರಳಿನಿಂದ ಇಳಿಯಲಿಲ್ಲ. ಅಲ್ಲಿ ಅದು ಒಡವೆಯಲ್ಲ, ಇವಳು ಅಮ್ಮನಿಗೆ ಸೇರಿದವಳು ಎಂಬ ಗುರುತು. ಚೌಡಿಕೆಯ ಮೇಲಿನ ಕವಡೆಯೂ ಆ ಗುರುತೇ. ಅದನ್ನು ‘ಅಪರೂಪದ ಡಿಸೈನ್’ ಎಂದು ಕೊಳ್ಳುವವರು ಗುರುತನ್ನಷ್ಟೇ ಮನೆಗೆ ತರುತ್ತಾರೆ, ಗುರುತಿನ ಹಿಂದಿನ ಮನುಷ್ಯಳನ್ನಲ್ಲ.

ಕಿವಿಗಿಂತ ಕಣ್ಣಿಗೆ ಮೊದಲ ಮಣೆ ಹಾಕುವುದು ಹಳೆಯ ಚಾಳಿ. 1891ರಲ್ಲಿ ಸಿ.ಆರ್. ಡೇ ಎಂಬ ಸೈನ್ಯಾಧಿಕಾರಿ ದಕ್ಷಿಣ ಭಾರತ ಮತ್ತು ದಖ್ಖನಿನ ವಾದ್ಯಗಳ ಬಗ್ಗೆ ಬರೆದ ಪುಸ್ತಕವನ್ನು ಇಂದಿಗೂ ಜನ ಬಿಡಿಸಿ ನೋಡುವುದು ವಿಲಿಯಂ ಗಿಬ್ ಬರೆದ ಬಣ್ಣದ ಚಿತ್ರಗಳಿಗಾಗಿ. ಜನಪಥದ ರಾಷ್ಟ್ರೀಯ ವಸ್ತುಸಂಗ್ರಹಾಲಯದ ವಾದ್ಯಗಳ ಗ್ಯಾಲರಿಯಲ್ಲೂ ನಾವು ನೋಡುವುದು ಆನೆದಂತದ ಕೆತ್ತನೆ, ನವಿಲಿನ ಕುತ್ತಿಗೆ. ಗಾಜಿನ ಹಿಂದೆ ಬೇರೇನು ತಾನೇ ಸಾಧ್ಯ? ಆದರೆ ಬದುಕಿರುವ ಕಲಾವಿದರ ವಿಷಯದಲ್ಲೂ ನಾವು ಹೀಗೇ ಮಾಡುತ್ತೇವೆ. 2021ರ ನವೆಂಬರಿನಲ್ಲಿ ಇದೇ ಊರಿನ ರಾಷ್ಟ್ರಪತಿ ಭವನದಲ್ಲಿ ಮಂಜಮ್ಮ ಜೋಗತಿ ಪದ್ಮಶ್ರೀ ಸ್ವೀಕರಿಸುವ ಮುನ್ನ ಸೆರಗಿನಿಂದ ರಾಷ್ಟ್ರಪತಿಗಳಿಗೆ ದೃಷ್ಟಿ ತೆಗೆದರು. ಆ ಕೆಲವು ಸೆಕೆಂಡುಗಳ ವೀಡಿಯೊ ನನ್ನ ಪ್ರತಿ ವಾಟ್ಸ್ಆ್ಯಪ್ ಗುಂಪಿಗೂ ಬಂತು. ಅವರು ಕಾಳವ್ವ ಜೋಗತಿಯಿಂದ ಕಲಿತ ಹಾಡು, ಕುಣಿತ, ಎಲ್ಲಮ್ಮನಾಟದ ಒಂದು ತುಣುಕನ್ನೂ ಯಾರೂ ಕಳಿಸಲಿಲ್ಲ. ನಾನೂ ಕಳಿಸಲಿಲ್ಲ.

ಹಾಗೆಂದು ‘ಪರಂಪರೆ ಉಳಿಯಲಿ’ ಎಂದು ಸುಲಭವಾಗಿ ಹೇಳಲು ನಾಲಿಗೆ ಏಳುವುದಿಲ್ಲ. ಈ ವಾದ್ಯದ ಬೆನ್ನಿಗೆ ಮುತ್ತು ಕಟ್ಟುವ ಪದ್ಧತಿ ಇದೆ. ದಲಿತ ಹೆಣ್ಣುಮಕ್ಕಳ ಬದುಕನ್ನು ಕೇಳದೆಯೇ ದೇವರ ಹೆಸರಿಗೆ ಬರೆದ ಪದ್ಧತಿ ಅದು. 1982ರ ಕಾಯ್ದೆ ಅದನ್ನು ನಿಷೇಧಿಸಿತು, ನಿಷೇಧಿಸಲೇಬೇಕಿತ್ತು. ಈ ಚೌಡಿಕೆ ಗುಜರಿಗೆ ಬಂದದ್ದು ಯಾರದೋ ಮಗಳು ಅದನ್ನು ಎತ್ತಿಕೊಳ್ಳಲು ಒಲ್ಲೆ ಎಂದದ್ದಕ್ಕೆ ಆಗಿದ್ದರೆ, ಆ ಮಗಳಿಗೆ ಒಳ್ಳೆಯದಾಗಲಿ. ಅವಳು ಬಿಟ್ಟದ್ದನ್ನು ನಾನು ಗೋಡೆಗೆ ತೂಗುಹಾಕಿ ‘ನಮ್ಮ ಸಂಸ್ಕೃತಿ’ ಎಂದು ಅತಿಥಿಗಳಿಗೆ ತೋರಿಸಿದರೆ, ಅದಕ್ಕಿಂತ ನಾಚಿಕೆಗೇಡು ಇನ್ನೊಂದಿಲ್ಲ.

ಬೈಲಹೊಂಗಲದಲ್ಲಿರುವ ಅವ್ವನಿಗೆ ವೀಡಿಯೊ ಕಾಲ್‌ನಲ್ಲಿ ತೋರಿಸಿದೆ. ‘ಅದನ್ಯಾಕ ತಂದಿ ತಮ್ಮಾ ಮನಿಗೆ?’ ಎಂದಳು. ನನಗೆ ನೆನಪಿದೆ: ಮಂಗಳವಾರ, ಶುಕ್ರವಾರ ಜೋಗವ್ವ ಅಂಗಳಕ್ಕೆ ಬಂದರೆ ಅವ್ವ ಅವಳ ಪಡಲಗಿಗೆ ಜೋಳ ಹಾಕುತ್ತಿದ್ದಳು, ಕೈ ತಾಗದ ಹಾಗೆ, ಮೇಲಿನಿಂದ. ಕಟ್ಟೆಯ ಮೇಲೆ ಹತ್ತಿಸುತ್ತಿರಲಿಲ್ಲ. ಹಾಡಿನ ಹೊತ್ತಿಗೆ ಮಾತ್ರ ಅವ್ವನ ಕಣ್ಣು ಒದ್ದೆಯಾಗುತ್ತಿತ್ತು. ‘ಆಕಿ ಹೆಸರು ಏನಿತ್ತು ಅವ್ವಾ?’ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದಳು: ‘ಜೋಗವ್ವ ಅಂತಿದ್ವಿ. ಹೆಸರು ಕೇಳಿದ್ದಿಲ್ಲ.’

ಕನ್ನಡಿ ಚೂರುಗಳನ್ನು ಒಂದೊಂದಾಗಿ ಬಿಡಿಸಿದ್ದೇನೆ. ಭಂಡಾರವನ್ನು ಮುಟ್ಟಿಲ್ಲ. ದೆಹಲಿಯ ಮೇ ತಿಂಗಳ ಬಿಸಿಗೆ ಚರ್ಮ ಬಿರಿಯಬಾರದೆಂದು ಹತ್ತಿ ಬಟ್ಟೆಯಲ್ಲಿ ಸುತ್ತಿ ಕಪಾಟಿನಲ್ಲಿಟ್ಟಿದ್ದೇನೆ. ಊರಿಗೆ ಹೋದಾಗ ಸವದತ್ತಿ ಕಡೆ ತಂತಿ ಕಟ್ಟುವವರನ್ನು ಹುಡುಕಬೇಕು. ಕಟ್ಟಿದವರ ಹೆಸರನ್ನು ಕೇಳಿ ಬರೆದಿಟ್ಟುಕೊಳ್ಳಬೇಕು. ಅವರು ಮೀಟಿದರೆ ಕೆಳಗೆ ಕೂತು ಕೇಳಬೇಕು.