ಮೂಲಪ್ರತಿಯಿಲ್ಲದ ಕೃತಿ: ‘ಗ್ರೇಟ್‌ಫುಲ್ ಡೆಡ್’ ಕಚೇರಿಗಳೂ ಅವುಗಳ ದೀರ್ಘಕಾಲದ ಶ್ರೋತೃಗಳೂ

ಒಂದೇ ವಾದ್ಯತಂಡದ ಕಚೇರಿಗಳನ್ನು ನೂರು ಸಲ, ಇನ್ನೂರು ಸಲ ಕೇಳಿದವನನ್ನು ಏನೆಂದು ಕರೆಯಬೇಕು? ಲೋಕರೂಢಿಯಲ್ಲಿ ಅವನಿಗೆ ಅಭಿಮಾನಿ ಎಂಬ ಹೆಸರಿದೆ. ಆ ಹೆಸರಿನಲ್ಲಿ ಸ್ವಲ್ಪ ಪರಿಹಾಸವೂ ಬೆರೆತಿದೆ. ಅಭಿಮಾನಿಗೆ ಪ್ರೀತಿಯುಂಟು, ವಿವೇಚನೆಯಿಲ್ಲ. ವಿಮರ್ಶಕನಿಗೆ ವಿವೇಚನೆಯುಂಟು, ಆದರೆ ಅವನು ಒಂದೇ ಬಾಗಿಲಿಗೆ ಇನ್ನೂರು ಸಲ ಹೋಗುವವನಲ್ಲ ಎಂಬುದು ಈ ರೂಢಿಯ ಹಿಂದಿರುವ ಎಣಿಕೆ. ಅಮೆರಿಕದ ‘ಗ್ರೇಟ್‌ಫುಲ್ ಡೆಡ್’ ಎಂಬ ತಂಡದ ಹಳೆಯ ಶ್ರೋತೃಗಳ ವಿಷಯದಲ್ಲಿ ಈ ಎಣಿಕೆ ನಿಲ್ಲುವುದಿಲ್ಲವೆಂದೂ, ಅವರ ಬಹುಕಾಲದ ಪರಿಚಯವೇ ಆ ಸಂಗೀತದ ವಿಮರ್ಶೆಗೆ ಅನಿವಾರ್ಯವಾದ ಸಾಧನವೆಂದೂ, ಆದರೆ ಆ ಸಾಧನವನ್ನು ಧ್ವನಿಮುದ್ರಣಗಳು ಒಂದು ಕಡೆ ಹರಿತಗೊಳಿಸಿ ಇನ್ನೊಂದು ಕಡೆ ಮೊಂಡುಮಾಡಿದುವೆಂದೂ ತೋರಿಸುವುದು ಪ್ರಕೃತ ಲೇಖನದ ಉದ್ದೇಶ.

ತಂಡದ ಇತಿಹಾಸವನ್ನು ಇಲ್ಲಿ ವಿಸ್ತರಿಸಬೇಕಾಗಿಲ್ಲ. ೧೯೬೫ರಲ್ಲಿ ಕ್ಯಾಲಿಫೋರ್ನಿಯದ ಪ್ಯಾಲೊ ಆಲ್ಟೊದಲ್ಲಿ ‘ವಾರ್ಲಾಕ್ಸ್’ ಎಂಬ ಹೆಸರಿನಿಂದ ಹುಟ್ಟಿ, ಅದೇ ವರ್ಷ ಹೆಸರನ್ನು ಬದಲಾಯಿಸಿಕೊಂಡು, ಗಿಟಾರ್‌ವಾದಕನೂ ಗಾಯಕನೂ ಆದ ಜೆರಿ ಗಾರ್ಸಿಯ ೧೯೯೫ರ ಆಗಸ್ಟ್ ೯ರಂದು ತೀರಿಕೊಳ್ಳುವವರೆಗೆ ಅದು ಬಾಳಿತು. ಈ ಮೂವತ್ತು ವರ್ಷಗಳಲ್ಲಿ ಅದು ನಡೆಸಿದ ಕಚೇರಿಗಳು ಸುಮಾರು ೨,೩೦೦. ಗಾರ್ಸಿಯ ಬ್ಯಾಂಜೊ ನುಡಿಸುತ್ತ ಜನಪದಗೀತಗಳ ದಾರಿಯಿಂದ ಬಂದವನು. ಮಂದ್ರ ಗಿಟಾರಿನ ಫಿಲ್ ಲೆಶ್ ಇಟಲಿಯ ನವ್ಯ ಸಂಗೀತಕಾರ ಲುಚಾನೊ ಬೇರಿಯೊ ಅವರಲ್ಲಿ ಪಾಠ ಹೇಳಿಸಿಕೊಂಡವನು. ಇಂಥ ಭಿನ್ನ ಸಂಸ್ಕಾರಗಳವರು ಒಬ್ಬರ ಮಾತನ್ನೊಬ್ಬರು ಕೇಳಿಸಿಕೊಳ್ಳುತ್ತ, ಮೊದಲೇ ಗೊತ್ತುಮಾಡದ ದಾರಿಯಲ್ಲಿ ಒಟ್ಟಾಗಿ ನಡೆಯುವುದೇ ಮುಂದೆ ‘ಜ್ಯಾಮ್ ಬ್ಯಾಂಡ್’ ಎಂದು ಹೆಸರಾದ ಪದ್ಧತಿಯ ಸಾರ. ನಮ್ಮ ಮನೋಧರ್ಮಸಂಗೀತದಲ್ಲಿ ಮುಖ್ಯ ಗಾಯಕನೊಬ್ಬನಿದ್ದು ಪಕ್ಕವಾದ್ಯದವರು ಅವನನ್ನು ಅನುಸರಿಸುತ್ತಾರೆ. ಇಲ್ಲಿ ಮುಂದಾಳುತನ ಕ್ಷಣಕ್ಷಣಕ್ಕೂ ಕೈಬದಲಾಗುತ್ತದೆ. ೧೯೬೭ರಲ್ಲಿ ತಂಡಕ್ಕೆ ಬಂದ ಮಿಕಿ ಹಾರ್ಟ್ ತಬಲದ ಅಲ್ಲಾ ರಖಾ ಅವರಿಂದ ಲಯದ ಲೆಕ್ಕಾಚಾರವನ್ನು ಕಲಿತದ್ದು ನಿಜ. ‘ದಿ ಇಲೆವೆನ್’ ಎಂಬ ರಚನೆ ಹನ್ನೊಂದು ಮಾತ್ರೆಗಳ ಆವರ್ತದಲ್ಲಿರುವುದೂ ನಿಜ. ಇಷ್ಟನ್ನು ಕಂಡೊಡನೆ ಎಲ್ಲವೂ ನಮ್ಮಿಂದಲೇ ಹೋಯಿತೆಂದು ಹಿಗ್ಗುವ ಹಳೆಯ ಚಾಳಿಗೆ ಎಡೆಗೊಡದಿರುವುದು ಲೇಸು.

ಸಾಮಾನ್ಯವಾಗಿ ರಾಕ್ ತಂಡಗಳು ಮೊದಲು ಮುದ್ರಣಶಾಲೆಯಲ್ಲಿ ಹಾಡನ್ನು ಸಿದ್ಧಪಡಿಸಿ, ಬಳಿಕ ಕಚೇರಿಯಲ್ಲಿ ಅದನ್ನು ಒಪ್ಪಿಸುತ್ತವೆ. ಶ್ರೋತೃವಿನ ಕಿವಿಯಲ್ಲಿ ತಟ್ಟೆಯಲ್ಲಿರುವುದೇ ಮೂಲ. ಕಚೇರಿ ಅದರ ನೆರಳು. ‘ಡೆಡ್’ ತಂಡದಲ್ಲಿ ಈ ಸಂಬಂಧ ತಲೆಕೆಳಗಾಯಿತು. ೧೯೬೮ರಲ್ಲಿ ತಟ್ಟೆಯಾಗಿ ಹೊರಬಂದ ‘ಡಾರ್ಕ್ ಸ್ಟಾರ್’ ಮೂರು ನಿಮಿಷವೂ ತುಂಬದ ಹಾಡು. ಮರುವರ್ಷದ ಫೆಬ್ರವರಿ ೨೭ರಂದು ಸ್ಯಾನ್ ಫ್ರಾನ್ಸಿಸ್ಕೊದ ಫಿಲ್ಮೋರ್ ವೆಸ್ಟ್ ಸಭಾಂಗಣದಲ್ಲಿ ನುಡಿಸಿದ, ‘ಲೈವ್/ಡೆಡ್’ ಎಂಬ ಸಂಪುಟದಲ್ಲಿ ಸೇರಿದ ಅದೇ ಹಾಡು ಇಪ್ಪತ್ತಮೂರು ನಿಮಿಷಗಳಷ್ಟು ಬೆಳೆದಿದೆ. ೧೯೭೨ರ ಆಗಸ್ಟ್ ೨೭ರಂದು ಆರಿಗನ್ ರಾಜ್ಯದ ವೆನೀಟದಲ್ಲಿ, ಒಂದು ಹಾಲಿನ ಡೈರಿಯ ಸಹಾಯಾರ್ಥವಾಗಿ ಉರಿಬಿಸಿಲಿನಲ್ಲಿ ನಡೆದ ಕಚೇರಿಯಲ್ಲಿ ಅದು ಅರ್ಧ ಗಂಟೆಯನ್ನು ಮೀರಿ, ಲಯ ಸಡಿಲಿ, ಶ್ರುತಿಯೇ ಕದಡಿದಂತಾಗಿ, ಕೊನೆಗೆ ‘ಎಲ್ ಪಾಸೊ’ ಎಂಬ ದನಗಾಹಿಗಳ ಕಥನಗೀತದೊಳಕ್ಕೆ ಬಂದು ನಿಲ್ಲುತ್ತದೆ. ಈ ಮೂರರಲ್ಲಿ ಯಾವುದು ಮೂಲ? ಮೊದಲನೆಯದು ಕಾಲದಿಂದ ಮೊದಲನೆಯದು, ಅಷ್ಟೆ. ಉಳಿದೆರಡು ಅದರ ವಿಸ್ತರಣಗಳಲ್ಲ. ಅದೇ ಬೀಜದಿಂದ ಹುಟ್ಟಿದ ಬೇರೆ ಬೇರೆ ಮರಗಳು.

ಗ್ರಂಥಸಂಪಾದನೆಯ ಅಭ್ಯಾಸವುಳ್ಳ ವಾಚಕರಿಗೆ ಇಲ್ಲಿರುವ ತೊಡಕು ಕೂಡಲೇ ಹೊಳೆಯುತ್ತದೆ. ಕುಮಾರವ್ಯಾಸನ ಭಾರತದ ಹಲವು ಓಲೆಪ್ರತಿಗಳನ್ನು ಎದುರಿಟ್ಟುಕೊಂಡು ಪಾಠಾಂತರಗಳನ್ನು ತೂಗುವ ಸಂಪಾದಕನಿಗೆ, ಅವೆಲ್ಲಕ್ಕೂ ಹಿಂದೆ ಕವಿ ಬರೆದ ಪಾಠವೊಂದಿತ್ತೆಂಬ ನಂಬಿಕೆಯಾದರೂ ಆಧಾರವಾಗಿರುತ್ತದೆ. ಮಲೆಯ ಮಾದೇಶ್ವರನ ಕಾವ್ಯವನ್ನು ಕಂಸಾಳೆಯವರ ಬಾಯಿಂದ ಬರೆದುಕೊಳ್ಳುವವನಿಗೆ ಆ ಆಧಾರವೂ ಇಲ್ಲ. ಪ್ರತಿಯೊಂದು ಹಾಡಿಕೆಯೂ ತನ್ನಷ್ಟಕ್ಕೆ ಮೂಲವೇ ಎಂದು ಆಲ್ಬರ್ಟ್ ಲಾರ್ಡ್ ೧೯೬೦ರಲ್ಲಿ ಪ್ರಕಟವಾದ ತಮ್ಮ ‘ದಿ ಸಿಂಗರ್ ಆಫ್ ಟೇಲ್ಸ್’ ಗ್ರಂಥದಲ್ಲಿ ಪ್ರತಿಪಾದಿಸಿದ್ದನ್ನು ಜಾನಪದದ ಅಭ್ಯಾಸಿಗಳು ಬಲ್ಲರು. ‘ಡೆಡ್’ ಕಚೇರಿಗಳು ಈ ಎರಡನೆಯ ವರ್ಗಕ್ಕೆ ಸೇರಿದುವು. ಆದರೆ ಒಂದು ವ್ಯತ್ಯಾಸವಿದೆ. ಇಲ್ಲಿ ಹಾಡಿಕೆಗಳನ್ನು ಸಂಗ್ರಹಿಸಿ, ತಾರೀಖು ಹಾಕಿ, ಒಂದರೊಡನೊಂದನ್ನು ತಾಳೆನೋಡಿದವರು ಹೊರಗಿನಿಂದ ಬಂದ ವಿದ್ವಾಂಸರಲ್ಲ. ಟಿಕೇಟು ಕೊಂಡು ಒಳಗೆ ಬಂದ ಶ್ರೋತೃಗಳೇ. ಯಾವ ಊರಿನಲ್ಲಿ ಯಾವ ರಾತ್ರಿ ಯಾವ ಹಾಡಿನ ಬಳಿಕ ಯಾವುದು ಬಂತೆಂಬುದನ್ನು ಅವರು ಬರೆದಿಟ್ಟರು. ಒಂದು ಹಾಡು ನಿಲ್ಲದೆ ಇನ್ನೊಂದರೊಳಕ್ಕೆ ಹರಿದಾಗ ನಡುವೆ ಬಾಣದ ಗುರುತನ್ನು ಹಾಕುವ ಪದ್ಧತಿಯೂ ಅವರದೇ. ಈ ಟಿಪ್ಪಣಿಗಳೆಲ್ಲ ೧೯೮೭ರಿಂದ ‘ಡೆಡ್‌ಬೇಸ್’ ಎಂಬ ಪುಸ್ತಕರೂಪದಲ್ಲಿ ಬರತೊಡಗಿದುವು.

ಧ್ವನಿಮುದ್ರಣದ ಕತೆಯೂ ಇದರೊಡನೆ ಹೆಣೆದುಕೊಂಡಿದೆ. ಶ್ರೋತೃಗಳು ಕಚೇರಿಯನ್ನು ಟೇಪು ಮಾಡಿಕೊಳ್ಳುವುದನ್ನು ತಂಡ ಮೊದಲು ಸಹಿಸಿಕೊಂಡಿತು. ೧೯೮೪ರ ಅಕ್ಟೋಬರಿನಲ್ಲಿ, ಬರ್ಕ್ಲಿಯ ಕಚೇರಿಗಳಿಂದ ಮೊದಲ್ಗೊಂಡು, ಅವರಿಗೆಂದೇ ಪ್ರತ್ಯೇಕ ಆಸನಗಳನ್ನು ಗೊತ್ತುಮಾಡಿತು. ಟೇಪುಗಳನ್ನು ಬದಲಾಯಿಸಿಕೊಳ್ಳಬಹುದು, ಮಾರಬಾರದು ಎಂಬುದು ಬರೆಯದ ಕಟ್ಟಳೆ. ಪ್ರತಿಯಿಂದ ಪ್ರತಿ ತೆಗೆದಂತೆಲ್ಲ ಸುಯ್ಯೆಂಬ ಸದ್ದು ಹೆಚ್ಚಿ ನಾದ ಮಸುಕಾಗುತ್ತಿದ್ದುದರಿಂದ, ತನ್ನಲ್ಲಿರುವುದು ಎಷ್ಟನೆಯ ತಲೆಮಾರಿನ ಪ್ರತಿ ಎಂಬುದನ್ನು ಪ್ರತಿಯೊಬ್ಬನೂ ನಮೂದಿಸುತ್ತಿದ್ದನು. ನಮ್ಮ ಲಿಪಿಕಾರರು ಇಷ್ಟು ಪ್ರಾಮಾಣಿಕರಾಗಿದ್ದರೆ ಸಂಪಾದಕರ ಶ್ರಮ ಅರ್ಧದಷ್ಟು ಕಡಮೆಯಾಗುತ್ತಿತ್ತು!

ಈ ಬಗೆಯ ಅಭ್ಯಾಸದಿಂದ ಶ್ರೋತೃವಿಗೆ ದೊರೆತದ್ದೇನು? ಒಂದು ನಿದರ್ಶನವನ್ನು ನೋಡೋಣ. ೧೯೮೯ರ ಅಕ್ಟೋಬರ್ ೮ ಮತ್ತು ೯ರಂದು ವರ್ಜೀನಿಯದ ಹ್ಯಾಂಪ್ಟನ್‌ನಲ್ಲಿ ತಂಡ ತನ್ನ ಹೆಸರನ್ನು ಮರೆಸಿ, ‘ಹಿಂದೆ ವಾರ್ಲಾಕ್ಸ್ ಆಗಿದ್ದವರು’ ಎಂಬ ಪ್ರಕಟಣೆಯೊಡನೆ ಎರಡು ಕಚೇರಿಗಳನ್ನು ನಡೆಸಿತು. ಎರಡನೆಯ ರಾತ್ರಿ ‘ಡಾರ್ಕ್ ಸ್ಟಾರ್’ ಬಂತು. ೧೯೮೪ರ ಜುಲೈಯಿಂದ ಅದನ್ನು ಯಾರೂ ಕೇಳಿರಲಿಲ್ಲ. ಆ ಹಾಡಿನ ಮೊದಲ ಕೆಲವೇ ಸ್ವರಗಳು ಮೂಡಿದೊಡನೆ ಸಭೆಯಿಂದ ಎದ್ದ ಘೋಷ ಮುದ್ರಣದಲ್ಲಿ ಸ್ಪಷ್ಟವಾಗಿ ಕೇಳಿಸುತ್ತದೆ. ಹೊಸದಾಗಿ ಬಂದವನಿಗೆ ಅವು ಬರಿಯ ಸ್ವರಗಳು, ಈ ಗದ್ದಲ ಕಾರಣವಿಲ್ಲದ್ದು. ಐದು ವರ್ಷಗಳ ಅಭಾವವನ್ನು ಅನುಭವಿಸಿದವನಿಗಾದರೋ ಆ ಸ್ವರಗಳ ಅರ್ಥದಲ್ಲಿ ಆ ಐದು ವರ್ಷಗಳೂ ಸೇರಿವೆ. ಧ್ವನಿಯೆಂಬುದು ಸಹೃದಯನಿಗೇ ವೇದ್ಯವೆಂದು ಹೇಳಿದ ನಮ್ಮ ಆಲಂಕಾರಿಕರು ಅಭ್ಯಾಸವನ್ನು ಸಹೃದಯತೆಯ ಲಕ್ಷಣದಲ್ಲಿಯೇ ಸೇರಿಸಿದರು. ಇಲ್ಲಿ ಆ ಮಾತನ್ನು ಇನ್ನೂ ಒಂದು ಹೆಜ್ಜೆ ಮುಂದೊಯ್ಯಬೇಕಾಗುತ್ತದೆ: ಅಭ್ಯಾಸ ಅರ್ಥವನ್ನು ಗ್ರಹಿಸುವ ಶಕ್ತಿ ಮಾತ್ರವಲ್ಲ, ಅರ್ಥದ ಒಂದು ಭಾಗವೇ ಅದರಿಂದ ಉಂಟಾಗುತ್ತದೆ. ನುಡಿಸುವವರಿಗೂ ಇದು ತಿಳಿದಿತ್ತು. ಅದೇ ರಾತ್ರಿ ಕೊನೆಯ ಹಾಡಾಗಿ, ೧೯೭೨ರಿಂದ ಮೂಲೆಗಿಟ್ಟಿದ್ದ ‘ಅಟಿಕ್ಸ್ ಆಫ್ ಮೈ ಲೈಫ್’ ಅನ್ನು ಅವರು ಎತ್ತಿಕೊಂಡದ್ದು ಮರೆಯದೆ ಕಾಯುತ್ತಿರುವವರಿದ್ದಾರೆಂಬ ಭರವಸೆಯಿಂದಲೇ.

ಇದಿಷ್ಟು ಹರಿತವಾದ ಮಗ್ಗುಲು. ಮೊಂಡಾದ ಮಗ್ಗುಲಿಗೆ ೧೯೭೭ರ ಮೇ ೮ರ ಕಚೇರಿಗಿಂತ ಒಳ್ಳೆಯ ಸಾಕ್ಷ್ಯ ಬೇಕಿಲ್ಲ. ಇಥಾಕದ ಕಾರ್ನೆಲ್ ವಿಶ್ವವಿದ್ಯಾನಿಲಯದ ಬಾರ್ಟನ್ ಹಾಲ್‌ನಲ್ಲಿ, ಹೊರಗೆ ಅಕಾಲದ ಹಿಮ ಬೀಳುತ್ತಿದ್ದ ರಾತ್ರಿ ನಡೆದ ಈ ಕಚೇರಿಯನ್ನು ತಂಡದ ಸರ್ವೋತ್ತಮ ಕಚೇರಿಯೆಂದು ಹೇಳುವವರು ಅಸಂಖ್ಯ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ೨೦೧೧ನೆಯ ಸಾಲಿನ ರಾಷ್ಟ್ರೀಯ ಧ್ವನಿಮುದ್ರಣಗಳ ಪಟ್ಟಿಗೆ ಅದನ್ನು ಸೇರಿಸಿತು. ೨೦೧೭ರಲ್ಲಿ ಅಧಿಕೃತವಾಗಿ ಪ್ರಕಟವಾಯಿತು. ಅದರ ಗುಣವನ್ನು ಅಲ್ಲಗಳೆಯಲಾಗದು. ‘ಸ್ಕಾರ್ಲೆಟ್ ಬಿಗೋನಿಯಾಸ್’ ಹಾಡಿನಿಂದ ‘ಫೈರ್ ಆನ್ ದ ಮೌಂಟನ್’ ಹಾಡಿಗೆ ಸಾಗುವ ದಾರಿಯಲ್ಲಿ ಹೊಲಿಗೆಯ ಗುರುತೇ ಕಾಣಿಸುವುದಿಲ್ಲ. ಎರಡನೆಯ ಹಾಡು ಸಭೆಗೆ ಬಂದು ಆಗ ಎರಡು ತಿಂಗಳೂ ಆಗಿರಲಿಲ್ಲವಾಗಿ, ಮುಂದಿನ ವರ್ಷಗಳಲ್ಲಿ ರೂಢಿಬಿದ್ದ ಆ ಜೋಡಣೆ ಇಲ್ಲಿ ಇನ್ನೂ ಶೋಧನೆಯ ಬಿಸಿಯನ್ನು ಉಳಿಸಿಕೊಂಡಿದೆ. ಆದರೆ ಸರ್ವೋತ್ತಮವೆಂಬ ತೀರ್ಪಿಗೆ ಇಷ್ಟೇ ಕಾರಣವೆ? ಆ ರಾತ್ರಿಯನ್ನು ಮುದ್ರಿಸಿಕೊಂಡವರು ಬೆಟ್ಟಿ ಕ್ಯಾಂಟರ್-ಜ್ಯಾಕ್ಸನ್ ಎಂಬ ಧ್ವನಿತಂತ್ರಜ್ಞೆ. ಅವರ ಟೇಪುಗಳನ್ನು ಇಟ್ಟಿದ್ದ ಬಾಡಿಗೆ ಉಗ್ರಾಣದ ಹಣ ಸಲ್ಲದೆ, ೧೯೮೬ರಲ್ಲಿ ಅವು ಹರಾಜಾಗಿ ಸಂಗ್ರಾಹಕರ ಕೈಸೇರಿ, ಅವುಗಳ ಪ್ರತಿಗಳು ದೇಶದಲ್ಲೆಲ್ಲ ಹರಡಿದುವು. ಮಸುಕು ಟೇಪುಗಳಿಗೆ ಒಗ್ಗಿದ್ದ ಕಿವಿಗೆ ಈ ತಿಳಿಯಾದ ನಾದ ಬಿದ್ದಾಗ, ನಾದದ ತಿಳಿಯನ್ನು ನುಡಿಸಾಣಿಕೆಯ ಹಿರಿಮೆಯೆಂದೇ ಎಣಿಸಿದ್ದು ಸಹಜ. ಅಕ್ಷರ ದುಂಡಾಗಿರುವ ಪ್ರತಿಯಲ್ಲೇ ಶುದ್ಧಪಾಠವಿರುತ್ತದೆಂದು ನಂಬುವ ಎಳೆಯ ಸಂಪಾದಕನ ಭ್ರಮೆಯೂ ಇದೇ. ಮರುದಿನ, ಮೇ ೯ರಂದು, ಬಫಲೋದಲ್ಲಿ ನಡೆದ ಕಚೇರಿ ಕಾರ್ನೆಲ್ಲಿನದಕ್ಕೆ ಏನೂ ಕಡಮೆಯಲ್ಲವೆಂದು ವಾದಿಸುವ ಹಳಬರು ಇದ್ದಾರೆ. ಆ ರಾತ್ರಿಯ ಮೊದಲ ಹಾಡುಗಳ ಸರಣಿಯನ್ನು ಕೇಳಿದರೆ ಅವರ ಪಕ್ಷವೇ ಬಲವಾದುದೆಂದು ನನಗೆ ತೋರುತ್ತದೆ.

ಕಚೇರಿಗಳನ್ನು ನೇರವಾಗಿ ಕೇಳುತ್ತ ಬಂದವನ ಅಧಿಕಾರ ಇಲ್ಲಿಯೇ ಬೇರೆಯಾಗುತ್ತದೆ. ಟೇಪುಗಳಲ್ಲಿ ಹಂಚಿಕೆಯಾಗುವುದು ಒಳ್ಳೆಯ ರಾತ್ರಿಗಳು. ಕಚೇರಿಗೆ ಹೋದವನಾದರೋ ಗಾರ್ಸಿಯ ಪದಗಳನ್ನು ಮರೆತ, ಶ್ರುತಿ ಕೂಡದ, ಎಲ್ಲರೂ ಬೇರೆ ಬೇರೆ ದಿಕ್ಕಿಗೆ ಎಳೆದಾಡಿ ಎಲ್ಲಿಗೂ ತಲಪದ ರಾತ್ರಿಗಳನ್ನೂ ಕೇಳಿದವನು. ಗಾರ್ಸಿಯನ ಕೊನೆಯ ವರ್ಷಗಳಲ್ಲಿ ಇಂಥವು ಕಡಮೆಯಿರಲಿಲ್ಲ. ಒಟ್ಟಾಗಿ ಕಲ್ಪಿಸಿ ನುಡಿಸುವ ಸಂಗೀತದಲ್ಲಿ ಸೋಲಿನ ಸಂಭವ ಹೊರಗಿನ ದೋಷವಲ್ಲ. ಅದಿಲ್ಲದೆ ಗೆಲವಿಗೆ ಬೆಲೆಯಿಲ್ಲ. ಅಭಿಮಾನಿಗಳಲ್ಲಿ ಕುರುಡರೂ ಇದ್ದರು, ಪ್ರತಿಯೊಂದು ರಾತ್ರಿಯೂ ದಿವ್ಯವೆಂದು ಕೊಂಡಾಡಿದವರಿದ್ದರು ಎಂಬುದನ್ನು ಒಪ್ಪಬೇಕು. ಆದರೆ ನನಗೆ ಪರಿಚಿತವಾದ ಆ ವರ್ಗದ ಬರಹಗಳಲ್ಲಿ ಹೊಗಳಿಕೆಗಿಂತ ದೂರೇ ಹೆಚ್ಚು, ಅದೂ ಇಂಥ ರಾತ್ರಿ ಇಂಥ ಎಡೆಯಲ್ಲಿ ಹೀಗಾಯಿತೆಂಬ ಖಚಿತವಾದ ದೂರು.

ಈ ಸಮುದಾಯ ಚದುರಿದ್ದು ಅದರ ವೃದ್ಧಿಯಿಂದಲೇ. ೧೯೮೭ರಲ್ಲಿ ‘ಟಚ್ ಆಫ್ ಗ್ರೇ’ ಜನಪ್ರಿಯವಾದ ಮೇಲೆ ಕಚೇರಿಗಳಿಗೆ ಬಂದವರಲ್ಲಿ ಹಲವರಿಗೆ ಹೊರಗಿನ ಜಾತ್ರೆಯೇ ಸಾಕಾಗಿತ್ತು. ೧೯೯೫ರ ಜುಲೈ ೨ರಂದು ಇಂಡಿಯಾನದ ಡಿಯರ್ ಕ್ರೀಕ್‌ನಲ್ಲಿ ಟಿಕೇಟಿಲ್ಲದ ಗುಂಪು ಬೇಲಿಯನ್ನು ಕೆಡವಿ ನುಗ್ಗಿತು; ಮರುದಿನದ ಕಚೇರಿ ರದ್ದಾಯಿತು. ಜುಲೈ ೯ರಂದು ಶಿಕಾಗೊದಲ್ಲಿ ನಡೆದದ್ದೇ ಕೊನೆಯದು.

ಈಗ ತಂಡದ ಕಾಗದಪತ್ರಗಳು ಸಾಂತಾ ಕ್ರೂಜ್‌ನ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದಲ್ಲಿವೆ. ಮುದ್ರಣಗಳು ಸಾವಿರಗಟ್ಟಲೆಯಾಗಿ ಇಂಟರ್‌ನೆಟ್ ಆರ್ಕೈವ್‌ನಲ್ಲಿ ಎಲ್ಲರಿಗೂ ದೊರೆಯುತ್ತವೆ. ಹಳೆಯ ಶ್ರೋತೃ ಇಪ್ಪತ್ತು ವರ್ಷಗಳಲ್ಲಿ ಕೂಡಿಸಿದ್ದನ್ನು ಇಂದಿನ ವಿದ್ಯಾರ್ಥಿ ಒಂದು ಬೇಸಗೆಯ ರಜೆಯಲ್ಲಿ ಕೇಳಬಹುದು. ತಾಳೆನೋಡುವುದಕ್ಕೆ ಇದಕ್ಕಿಂತ ಅನುಕೂಲ ಬೇರಿಲ್ಲ. ಆದರೆ ಅವನು ಏನನ್ನು ಬಿಟ್ಟುಬಿಡುತ್ತಾನೆಂಬುದನ್ನೂ ನೋಡಬೇಕು. ೧೯೭೮ರಿಂದಾಚೆಗೆ ಬಹುಮಟ್ಟಿಗೆ ಪ್ರತಿಯೊಂದು ಕಚೇರಿಯ ಉತ್ತರಾರ್ಧದಲ್ಲಿಯೂ ಇಬ್ಬರು ಮದ್ದಳೆಗಾರರ ತನಿ, ಅದರ ಬೆನ್ನಿಗೆ ಲಯವೂ ರಾಗವೂ ಇಲ್ಲದ ‘ಸ್ಪೇಸ್’ ಎಂಬ ಭಾಗ ಬರುತ್ತಿತ್ತು. ಕೇಳುವುದಕ್ಕೆ ಕಠಿನವಾದುದರಿಂದ ಟೇಪಿನ ಮುಂದೆ ಕುಳಿತವರು ಅದನ್ನು ಹಾಯಿಸಿಬಿಡುವುದುಂಟು. ಸಭಾಂಗಣದಲ್ಲಿ ಹಾಯಿಸುವಂತಿರಲಿಲ್ಲ, ಕೆಲವರು ನೀರು ಕುಡಿಯಲು ಎದ್ದುಹೋದರೂ ಉಳಿದವರು ಕುಳಿತೇ ಇದ್ದರು. ಆ ಕತ್ತಲೆಯಂಥ ನಾದದೊಳಗಿಂದ ಮುಂದಿನ ಹಾಡಿನ ಸುಳಿವು ಎಲ್ಲೋ ಒಂದು ತಂತಿಯಲ್ಲಿ ಮೊದಲು ಕಾಣಿಸಿಕೊಂಡು, ಅದೇ ಹೌದೋ ಅಲ್ಲವೋ ಎಂದು ಸಭೆ ಉಸಿರು ಹಿಡಿದಿರುತ್ತಿದ್ದ ಆ ಅರೆಗಳಿಗೆ, ಹಾಡಿನ ಹೆಸರನ್ನು ಪಟ್ಟಿಯಲ್ಲಿ ಮೊದಲೇ ಓದಿಕೊಂಡು ಅಲ್ಲಿಂದಲೇ ಕೇಳತೊಡಗುವವನಿಗೆ ದೊರೆಯುವುದಿಲ್ಲ.